ಉತ್ತರ ಗೊತ್ತಿದ್ದರೆ ಗುಂಡಿ ಒತ್ತಿ
(ಮಹದೇವಪುರದಲ್ಲಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ನಮ್ಮ ಪಕ್ಕದ ವೈಟ್‌ಫೀಲ್ಡ್‌ಗೆ ಆ ಹೆಸರು ಹೇಗೆ ಬಂತು? ದಿನವೂ ಬಸ್ಸಿನ ಬೋರ್ಡಿನಲ್ಲಿ ಓದುತ್ತೀರಿ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ನೆಲೆಗಾಗಿ ಇಲ್ಲಿ ಜಮೀನು ಕೊಟ್ಟರು. ಅವರ ಸಂಘದ ಮುಂದಾಳು ಡಿ.ಎಸ್. ವೈಟ್. ಊರಿಗೆ ಅವರ ಹೆಸರೇ ನಿಂತಿತು. ರಸಪ್ರಶ್ನೆ ಎಂದರೆ ಇದೇ. ಕಣ್ಣೆದುರಿಗೆ ಇರುವುದನ್ನು ‘ಏಕೆ’ ಎಂದು ಕೇಳುವ ಅಭ್ಯಾಸ.

ಒಂಬತ್ತನೇ ತರಗತಿಯಲ್ಲಿ ನಾನು ಮತ್ತು ನನ್ನ ಖಾಲಾ ಅವರ ಮಗಳು ಒಂದೇ ತಂಡ. ಕನ್ನಡ ಮಾಧ್ಯಮದವರು. ಲಿಖಿತ ಸುತ್ತು ದಾಟಿ ವೇದಿಕೆ ಏರಿದೆವು. ಕೊನೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆದರೆ ಆ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಾಗಿ ಉಚ್ಚರಿಸಿದರೆ ನಗುತ್ತಾರೆಂಬ ಹೆದರಿಕೆಯಲ್ಲಿ ಗುಂಡಿ ಒತ್ತಲಿಲ್ಲ. ಬೇರೆ ತಂಡ ಅದನ್ನೇ ಹೇಳಿ ಗೆದ್ದಿತು. ನಾವು ಸೋತದ್ದು ಜ್ಞಾನದಲ್ಲಲ್ಲ, ಧೈರ್ಯದಲ್ಲಿ.

ಕಾಲೇಜಿಗೆ ಬಂದ ಮೇಲೆ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಸ್ಪರ್ಧೆಗಳಿಗೆ ಹೋಗತೊಡಗಿದೆ. 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ಕಲಿತದ್ದು ಎರಡು. ತಪ್ಪು ಉತ್ತರ ಹೇಳುವುದು ಅವಮಾನವಲ್ಲ. ಗೊತ್ತಿಲ್ಲದ್ದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಬಾರಿ ಅದು ನಮ್ಮದೇ. 2002ರಲ್ಲಿ ದೂರದರ್ಶನದ ಚಂದನದಲ್ಲಿ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ಶುರುವಾಯಿತು. ಅಚ್ಚ ಕನ್ನಡದ ಪ್ರಶ್ನೆ, ಸರಿಯುತ್ತರಕ್ಕೆ ಕನ್ನಡ ಪುಸ್ತಕವೇ ಬಹುಮಾನ. ಜಾಣತನಕ್ಕೆ ಇಂಗ್ಲಿಷೇ ಬೇಕೆಂಬ ನನ್ನ ಹೆದರಿಕೆ ಅಂದೇ ಹೋಯಿತು.

ಒಂದು ಸತ್ಯವನ್ನೂ ಹೇಳಬೇಕು. ದ್ವಿತೀಯ ಪಿಯುಸಿಯಲ್ಲಿ ಗಣಿತವನ್ನು ಬದಿಗಿಟ್ಟು ಸ್ಪರ್ಧೆಗಳ ಹಿಂದೆ ಓಡಿದೆ. ಅಂಕಗಳು ಕೈಕೊಟ್ಟವು. ಅಬ್ಬಾ ಬೈಯಲಿಲ್ಲ, ಅಂಕಪಟ್ಟಿಯನ್ನು ಮಡಚಿ ಕೈಗಿತ್ತರು, ಅಷ್ಟೇ. ರಸಪ್ರಶ್ನೆ ಪಾಠಕ್ಕೆ ಜೊತೆಯಾಗಬೇಕೇ ಹೊರತು ಪಾಠದ ಬದಲಿಗೆ ಬರಬಾರದು.

ಆದರೆ ನನಗಿಂತ ಚುರುಕಾಗಿದ್ದವಳು ಆ ತಂಗಿ. ಎಸ್ಸೆಸ್ಸೆಲ್ಸಿ ನಂತರ ಅವಳು ಸ್ಪರ್ಧೆಗೆ ಬರಲೇ ಇಲ್ಲ. ಓದು ಕಡಿಮೆಯಾಗಿತ್ತೆಂದಲ್ಲ. ನಗರದಲ್ಲಿ ಸ್ಪರ್ಧೆ ಮುಗಿಯುವಾಗ ಸಂಜೆಯಾಗುತ್ತಿತ್ತು. ಎರಡು ಬಸ್ಸು ಬದಲಿಸಿ ಕರೆತರುವವರು ಮನೆಯಲ್ಲಿ ಇರಲಿಲ್ಲ. ನನ್ನ ಜೊತೆಯಾದರೂ ಕಳುಹಿಸಿ ಎಂದು ಹಿರಿಯರ ಹತ್ತಿರ ನಾನೂ ಕೇಳಲಿಲ್ಲ. ಇಂದಿಗೂ ನನ್ನನ್ನು ಚುಚ್ಚುವುದು ಅದೇ.

ಆದ್ದರಿಂದ ಮೂರು ವಿನಂತಿ. ವಿದ್ಯಾರ್ಥಿಗಳೇ, ದಿನಕ್ಕೊಂದು ಪತ್ರಿಕೆ, ವಾರಕ್ಕೊಂದು ಪುಸ್ತಕ ಓದಿ. ಪ್ರಶ್ನೆಯೊಂದನ್ನು ನೀವೇ ಕಟ್ಟಿ. ವೇದಿಕೆಯ ಅಂಜಿಕೆ ಇದ್ದವರಿಗೆ ಲಿಖಿತ ಸ್ಪರ್ಧೆಗಳೂ ಇವೆ. 2005ರಲ್ಲಿ ಆರಂಭವಾದ ಮಹಾಕ್ವಿಜರ್‌ನಲ್ಲಿ ಒಬ್ಬರೇ ಕುಳಿತು ಬರೆಯಬೇಕು. ಪೋಷಕರೇ, ಇದರಿಂದ ಎಷ್ಟು ಅಂಕ ಬರುತ್ತದೆಂದು ಕೇಳಬೇಡಿ. ಓದಿನ ಹಸಿವು ಬಂತೇ ಎಂದು ಕೇಳಿ. ಸಂಘದ ಹಿರಿಯರೇ, ಬಹುಮಾನದ ಕಪ್ಪಿಗೆ ಹಣ ಕೂಡಿಸುವ ಮೊದಲು ಹೆಣ್ಣುಮಕ್ಕಳನ್ನು ಸ್ಪರ್ಧೆಗೆ ಕರೆದೊಯ್ದು ಮನೆಗೆ ಮುಟ್ಟಿಸುವ ಒಂದು ವಾಹನಕ್ಕೆ ವ್ಯವಸ್ಥೆ ಮಾಡಿ, ಜೊತೆಗೆ ಒಬ್ಬ ಶಿಕ್ಷಕಿಯನ್ನು ಕಳುಹಿಸಿ.

ನಮ್ಮ ಮಕ್ಕಳಿಗೆ ಉತ್ತರ ಗೊತ್ತಿದೆ. ಗುಂಡಿಯವರೆಗೆ ಅವರ ಕೈ ತಲುಪಿಸುವುದು ನಮ್ಮ ಹೊಣೆ.