ಒಮ್ಮೆ ಮಾತ್ರ ಸಲ್ಲುವ ಸಂಖ್ಯೆ ಮತ್ತು ರೈತನ ಖಾತೆಯ ರಕ್ಷಣೆ

(ರೈತ ತರಬೇತಿ ಶಿಬಿರದ ಕೊನೆಯ ದಿನ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಬಿತ್ತನೆ, ಗೊಬ್ಬರ, ಕಳೆ ಇವುಗಳನ್ನು ಕುರಿತು ಮಾತನಾಡುವುದು ನನ್ನ ಕೆಲಸ. ಈ ದಿನ ಬೇರೆಯೇ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇನೆ. ಬೆಳೆದು, ಮಾರಿ, ಬ್ಯಾಂಕಿಗೆ ಸೇರಿದ ಹಣ ಒಂದೇ ಗಳಿಗೆಯಲ್ಲಿ ಕೈಬಿಟ್ಟು ಹೋಗುವುದಾದರೆ, ಕಳೆ ಕಿತ್ತು ಕೀಟ ತಡೆದು ಪ್ರಯೋಜನವೇನು?

ನನ್ನ ಸ್ವಂತ ಅಣ್ಣನ ಅನುಭವವನ್ನೇ ಹೇಳುತ್ತೇನೆ. ಶೇಂಗಾ ಮಾರಿದ ಹಣ ಖಾತೆಗೆ ಬಂದು ವಾರವೂ ಆಗಿರಲಿಲ್ಲ. ಒಂದು ಸಂಜೆ ಫೋನು ಬಂತು. "ಯಜಮಾನರೇ, ನಿಮ್ಮ ಕಿಸಾನ್ ಸಮ್ಮಾನ್ ಕಂತು ತಡೆದಿದೆ. ಕಾರ್ಡಿನ ಮೇಲಿನ ಅಂಕಿಗಳನ್ನು ಹೇಳಿ. ಆಮೇಲೆ ಒಂದು ಸಂಖ್ಯೆ ಬರುತ್ತದೆ, ಅದನ್ನೂ ಓದಿ ಹೇಳಿ, ಬಿಡುಗಡೆ ಮಾಡಿಸುತ್ತೇನೆ" ಎಂದಿತು ಆ ಕಡೆಯ ದನಿ. ಅಣ್ಣ ಓದಿ ಹೇಳಿದರು. ಸಂಖ್ಯೆಯ ಪಕ್ಕದಲ್ಲಿಯೇ ಎಷ್ಟು ಹಣ ಹೋಗುತ್ತದೆಂದೂ, ಯಾರಿಗೂ ಹೇಳಬಾರದೆಂದೂ ಬರೆದಿತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು. ಅಣ್ಣನಿಗೆ ತಿಳಿದದ್ದು ಅಂಕಿ ಮಾತ್ರ. 34,000 ರೂಪಾಯಿ ಹೋಯಿತು. ನಾಲ್ಕು ಜನ ನಕ್ಕಾರೆಂದು ಅಂಜಿ ನನಗೆ ತಿಳಿಸಿದ್ದು ನಾಲ್ಕನೆಯ ದಿನ. ಎಕರೆಗೆ ಎಷ್ಟು ಜಿಪ್ಸಂ ಹಾಕಬೇಕೆಂದು ಅವರಿಗೆ ಹೇಳಿದ್ದ ನಾನು, ಇದನ್ನು ಹೇಳಿರಲಿಲ್ಲ. ಆ ತಪ್ಪು ನನ್ನದು.

ಈ ಸಂಖ್ಯೆ ಎಂದರೇನು?

ಮಾಮೂಲಿ ಪಾಸ್‌ವರ್ಡ್ ಮನೆಯ ಬೀಗದ ಕೈ ಇದ್ದಂತೆ. ಒಮ್ಮೆ ಅದರ ಅಚ್ಚು ತೆಗೆದುಕೊಂಡ ಕಳ್ಳ ಎಂದು ಬೇಕಾದರೂ ಬರಬಹುದು. ಪ್ರತಿ ಸಲವೂ ಬದಲಾಗುವ ಪಾಸ್‌ವರ್ಡ್ ಇದ್ದರೆ ಕದ್ದದ್ದು ಮರುಸಲಕ್ಕೆ ಸಲ್ಲುವುದಿಲ್ಲ. ಇಂಥದೊಂದು ವಿಧಾನವನ್ನು ಅಮೆರಿಕದ ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1981ರಲ್ಲಿಯೇ ಪ್ರಕಟಿಸಿದ್ದರು. ನಾವು ಓಟಿಪಿ ಎನ್ನುವುದು ಈ ಬಗೆಯ ಸಂಖ್ಯೆಯನ್ನೇ. ಇದರಲ್ಲಿ ಎರಡು ವಿಧ.

ಮೊದಲನೆಯದು, ಬ್ಯಾಂಕು ಅಥವಾ ಇಲಾಖೆ ನಮ್ಮ ಮೊಬೈಲಿಗೆ ಸಂದೇಶವಾಗಿ ಕಳಿಸುವುದು. ಕೆಲವೇ ನಿಮಿಷಗಳಲ್ಲಿ ಇದರ ಅವಧಿ ಮುಗಿಯುತ್ತದೆ.

ಎರಡನೆಯದು, ಫೋನಿನ ಒಂದು ಆ್ಯಪ್‌ನಲ್ಲಿಯೇ ಹುಟ್ಟುವುದು. ಇ-ಮೇಲ್ ಮುಂತಾದ ಖಾತೆಗಳಿಗೆ ಇದನ್ನು ಬಳಸಬಹುದು. ಒಂದೇ ಪಂಚಾಂಗದ ಎರಡು ಪ್ರತಿಗಳಿವೆ ಎಂದುಕೊಳ್ಳಿ. ಒಂದು ನಿಮ್ಮಲ್ಲಿ, ಒಂದು ಖಾತೆ ನಡೆಸುವವರಲ್ಲಿ. ಇಬ್ಬರೂ ಗಡಿಯಾರ ನೋಡಿ ತಮ್ಮ ತಮ್ಮ ಪ್ರತಿ ತೆರೆದರೆ ಒಂದೇ ತಿಥಿ ಸಿಗುವಂತೆ, ಎರಡೂ ಕಡೆ ಒಂದೇ ಸಂಖ್ಯೆ ಮೂಡುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ಸಂಖ್ಯೆ ಮೂಡಲು ಸಿಗ್ನಲ್ ಬೇಕಿಲ್ಲ. ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಸಂದೇಶವಾಗಿ ಬರುವ ಸಂಖ್ಯೆಗಿಂತ ಇದು ಹೆಚ್ಚು ಭದ್ರ. ಸಿಮ್ ಬೇರೆಯವರ ಕೈಸೇರಿದರೂ ಇದು ಅವರಿಗೆ ದೊರೆಯದು.

ಎಷ್ಟೇ ಬೇಗ ಬದಲಾದರೂ, ಜೀವಂತವಿರುವಾಗ ನಾವೇ ಹೇಳಿಬಿಟ್ಟರೆ ಎರಡು ವಿಧವೂ ವ್ಯರ್ಥ. ಕೇಳುವವನು ಯಾರೆಂದು ಸಂಖ್ಯೆಗೆ ತಿಳಿಯದು. ಅದನ್ನು ಹೇಳುವುದೆಂದರೆ ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಕೊಟ್ಟಂತೆ.

ಕೇಳಿ ಬಂದದ್ದೋ, ಕೇಳದೆ ಬಂದದ್ದೋ?

ಯಾರಿಗೂ ಹೇಳಬೇಡಿ ಎಂದಷ್ಟೇ ಹೇಳಿದರೆ ಸಾಲದು. ಕಿಸಾನ್ ಸಮ್ಮಾನ್ ಯೋಜನೆಯ ಇ-ಕೆವೈಸಿಗೆ ಆಧಾರ್ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಸೇವಾ ಕೇಂದ್ರದವರು ಅದನ್ನು ಕೇಳುತ್ತಾರೆ. ಆದ್ದರಿಂದ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಸಂಖ್ಯೆ ನಾನು ಕೆಲಸಕ್ಕೆಂದು ಹೋಗಿ ಕುಳಿತಾಗ ಬಂತೋ, ಅಥವಾ ಯಾರೋ ಫೋನು ಮಾಡಿದ್ದರಿಂದ ಬಂತೋ? ಎರಡನೆಯದಾದರೆ ಬ್ಯಾಂಕಿನವರೆಂದರೂ, ಅಧಿಕಾರಿಯೆಂದರೂ ಹೇಳಬಾರದು. ಮೊದಲನೆಯದಾದರೂ ಸಂದೇಶವನ್ನು ಪೂರ್ತಿ ಓದಿ ಅಥವಾ ಓದಿಸಿ, ಅದೇ ಕೆಲಸಕ್ಕೆ ಬಂದದ್ದೆಂದು ಖಚಿತವಾದ ಮೇಲೆ ಸಾಧ್ಯವಾದರೆ ತಾವೇ ಒತ್ತಬೇಕು.

ಗಮನದಲ್ಲಿಡಬೇಕಾದ ಅಂಶಗಳು

1. ಖಾತೆಗೆ ಮತ್ತು ಆಧಾರ್‌ಗೆ ತಮ್ಮ ಮನೆಯ ಸಂಖ್ಯೆಯನ್ನೇ ಕೊಡಿ. ಅಂಗಡಿಯವರ ಸಂಖ್ಯೆ ಬೇಡ.

2. ಸಿಮ್ ಬದಲಿಸಿದರೆ ಬ್ಯಾಂಕಿನಲ್ಲಿಯೂ ಬದಲಿಸಿ. ನಿಂತುಹೋದ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಅವರ ಮನೆ ಸೇರುತ್ತದೆ.

3. ವಾಟ್ಸ್ಆ್ಯಪ್‌ನಲ್ಲಿ ಯೋಜನೆಯ ಹೆಸರು ಹೊತ್ತು ಬರುವ 'ಎಪಿಕೆ' ಕಡತವನ್ನು ತೆರೆಯಬೇಡಿ. ಇಂಥ ನಕಲಿ ಆ್ಯಪ್ ಫೋನಿನ ಸಂದೇಶಗಳನ್ನು ತಾನೇ ಓದಿ ಕಳ್ಳನಿಗೆ ಮುಟ್ಟಿಸುತ್ತದೆ. ನೀವು ಬಾಯಿ ಬಿಡಬೇಕಾಗಿಯೇ ಇಲ್ಲ.

4. ಅಕ್ಕಪಕ್ಕದವರಿಗೆ ಸಿಗ್ನಲ್ ಇದ್ದು ನಿಮ್ಮ ಸಿಮ್ ಮಾತ್ರ ಬಹಳ ಹೊತ್ತು ಸತ್ತಂತಿದ್ದರೆ ತಡಮಾಡದೆ ವಿಚಾರಿಸಿ. ನಿಮ್ಮ ಹೆಸರಿನಲ್ಲಿ ಬೇರೊಬ್ಬರು ನಕಲು ಸಿಮ್ ಪಡೆದಿರಬಹುದು.

5. ಆ್ಯಪ್ ಬಳಸುವವರು ಖಾತೆಯವರು ಕೊಡುವ ತುರ್ತು ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆಗಿಡಿ. ಫೋನು ಕಳೆದಾಗ ಬೇಕಾಗುತ್ತದೆ.

ಹಣ ಹೋದರೆ?

ಮೊದಲು 1930ಕ್ಕೆ ಫೋನು ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಕೂಡಲೇ ಬ್ಯಾಂಕಿಗೂ ತಿಳಿಸಿ. ಹಣ ಕಳ್ಳನ ಕೈಗೆ ಪೂರ್ತಿ ಸೇರುವ ಮೊದಲೇ ತಿಳಿಸಿದರೆ ಅದನ್ನು ಮಧ್ಯದಲ್ಲಿ ತಡೆಯುವ ಸಾಧ್ಯತೆಯಿದೆ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕ ತಾನೇ ಗುಟ್ಟು ಹೇಳಿ ಕಳೆದುಕೊಂಡಾಗ ದೂರು ಕೊಡುವವರೆಗಿನ ನಷ್ಟ ಅವನದು, ದೂರಿನ ನಂತರದ ನಷ್ಟ ಬ್ಯಾಂಕಿನದು ಎಂದು ತಿಳಿಸಿತ್ತು. ಬೆಂಕಿ ರೋಗ ಕಂಡ ದಿನವೇ ಔಷಧಿ ಹೊಡೆಯುವ ನಾವು ಇಲ್ಲಿ ಮಾತ್ರ ಮರ್ಯಾದೆಗೆ ಅಂಜಿ ಕೂರುವುದು ತರವಲ್ಲ.

ವಿಸ್ತರಣಾ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಅವಧಿ ಮುಗಿದ ಒಂದು ಓಟಿಪಿ ಸಂದೇಶವನ್ನು ತೋರಿಸಿ, ಅದರ ಇಂಗ್ಲಿಷ್ ಸಾಲುಗಳನ್ನು ಪದಪದವಾಗಿ ಕನ್ನಡದಲ್ಲಿ ಬಿಡಿಸಿ ಹೇಳಿ. ಹತ್ತು ನಿಮಿಷದ ಕೆಲಸ. ನಮ್ಮ ಅಣ್ಣನಿಗೆ ಯಾರಾದರೂ ಅಷ್ಟು ಮಾಡಿದ್ದರೆ ಶೇಂಗಾದ ಹಣ ಉಳಿಯುತ್ತಿತ್ತು.