ರಕ್ತಬಿಂದುವಿನ ಸಾಕ್ಷ್ಯ



ತೊಟ್ಟಿಲು ತೂಗುವ ಮನೆಯಲ್ಲಿ ಸಂತೋಷವು ನೆಲೆಗೊಂಡಿರುವುದು ಲೋಕಸಹಜವು. ಪರಂತು ಯಲಬುರ್ಗಾ ಸೀಮೆಯ ಬೇವೂರಿನಂತಹ ಗ್ರಾಮದಲ್ಲಿಯೇ ಆಗಲಿ, ಬೆಂಗಳೂರಿನಂತಹ ಮಹಾನಗರದಲ್ಲಿಯೇ ಆಗಲಿ, ಕೆಲವು ತೊಟ್ಟಿಲುಗಳ ಬಳಿ ದುಃಖವು ಬಂದು ನಿಲ್ಲುವುದುಂಟು. ಹುಟ್ಟಿದಾಗ ದುಂಡಗಿದ್ದ ಕೂಸು ತಿಂಗಳುಗಳು ಕಳೆದರೂ ಕತ್ತು ನಿಲ್ಲಿಸದು, ನಗದು, ತಾಯಿಯ ಮುಖವನ್ನು ಗುರುತಿಸದು. ಆಗ ನೆರೆಹೊರೆಯವರು ಮೂರು ಮಾತುಗಳನ್ನಾಡುವರು: ಸೊಸೆಯ ಕಾಲ್ಗುಣ ಸರಿಯಿಲ್ಲ, ಮನೆದೇವರು ಮುನಿದಿರುವನು, ಹಿಂದಿನ ಜನ್ಮದ ಪಾಪವು. ಈ ಮೂರರಲ್ಲಿ ಒಂದಾದರೂ ಕೂಸಿಗೆ ಔಷಧವಾದುದಿಲ್ಲ. ತಾಯಿಯ ಎದೆಗೆ ಮಾತ್ರ ಶೂಲವಾಯಿತು. ಕೂಸಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತವು ಈ ತಾಯಿಯ ಪರವಾಗಿ ಸಾಕ್ಷ್ಯ ನುಡಿಯಬಲ್ಲದೆಂಬುದೂ, ಆ ಸಾಕ್ಷ್ಯವನ್ನು ಕೇಳುವ ಪ್ರಯೋಗಶಾಲೆಯ ಧರ್ಮವು ಎಂತಹದೆಂಬುದೂ ಈ ಉಪನ್ಯಾಸದ ವಿಷಯವು.

ಈ ವಿದ್ಯೆಯ ಮೂಲದಲ್ಲಿಯೇ ಒಬ್ಬ ತಾಯಿ ಇರುವಳು. ನಾರ್ವೆ ದೇಶದ ಬೋರ್ಗ್ನಿ ಎಗೆಲಾಂಡ್ ಎಂಬವಳಿಗೆ ಇಬ್ಬರು ಮಕ್ಕಳು. ಇಬ್ಬರಿಗೂ ಬುದ್ಧಿಯು ಬೆಳೆಯಲಿಲ್ಲ. ದೈವೇಚ್ಛೆಯೆಂದು ಸುಮ್ಮನಾಗದೆ ಅವಳು ವೈದ್ಯರಿಂದ ವೈದ್ಯರ ಬಳಿಗೆ ತಿರುಗಿದಳು. ೧೯೩೪ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನು ಆ ಮಕ್ಕಳ ಮೂತ್ರಕ್ಕೆ ಒಂದು ಕಬ್ಬಿಣದ ಲವಣವನ್ನು ಬೆರೆಸಲು ಅದು ಹಸುರಾಯಿತು. ಶರೀರದಲ್ಲಿ ಕರಗಬೇಕಾದ ವಸ್ತುವೊಂದು ಕರಗದೆ ಉಳಿದಿದೆಯೆಂದು ತಿಳಿಯಿತು. ಫಿನೈಲ್‌ಕೀಟೋನ್ಯೂರಿಯಾ ಎಂಬ ಈ ವ್ಯಾಧಿಗೆ ಪಥ್ಯದ ಆಹಾರವು ೧೯೫೩ರ ಹೊತ್ತಿಗೆ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರಿಂದ ಸಿದ್ಧವಾಯಿತು. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕೆಯ ರಾಬರ್ಟ್ ಗಥ್ರಿ ಎಂಬವನು ಹೀರುಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತದಿಂದಲೇ ಇದನ್ನು ಕಂಡುಹಿಡಿಯುವ ಬಗೆಯನ್ನು ತೋರಿಸಿದನು. ಹುಟ್ಟಿದ ಕೆಲವೇ ದಿನಗಳಲ್ಲಿ ಗುರುತಿಸಿ ಪಥ್ಯವನ್ನು ನಡೆಯಿಸಿದರೆ ಅಂತಹ ಕೂಸು ಇತರರಂತೆಯೇ ಬೆಳೆದು ಬುದ್ಧಿವಂತನಾಗುವುದು. ತಡವಾದರೆ ಹೋದ ಬುದ್ಧಿಯು ಮರಳದು.

ಇಷ್ಟಕ್ಕೂ ಶರೀರದೊಳಗೆ ನಡೆಯುವುದೇನು? ಇದನ್ನು ಮಠದ ದಾಸೋಹದ ದೃಷ್ಟಾಂತದಿಂದ ಅರಿಯಬಹುದು. ದಾಸೋಹದಲ್ಲಿ ಯಾವ ಅಡುಗೆಯನ್ನು ಹೇಗೆ ಮಾಡತಕ್ಕದ್ದೆಂಬುದು ಮೂಲಕಡತದಲ್ಲಿ ಬರೆದಿರುವುದು. ಅದರಿಂದ ಆ ದಿನಕ್ಕೆ ಬೇಕಾದಷ್ಟನ್ನು ಚೀಟಿಯಲ್ಲಿ ಇಳಿಸಿಕೊಳ್ಳುವರು. ಚೀಟಿಯನ್ನು ನೋಡಿ ಅಡುಗೆಯವರು ಕೆಲಸ ಮಾಡುವರು. ಕಡೆಗೆ ಉಗ್ರಾಣದಲ್ಲಿಯೂ ಪಾತ್ರೆಗಳಲ್ಲಿಯೂ ಸಾಮಗ್ರಿಯು ಇರುವುದು. ಶರೀರದಲ್ಲಿ ಆ ಮೂಲಕಡತವೇ ಜೀನೋಮು; ಚೀಟಿಗಳ ಕಟ್ಟು ಆರ್‌ಎನ್‌ಎ; ಅಡುಗೆಯವರೆಂದರೆ ಪ್ರೋಟೀನುಗಳು; ಸಾಮಗ್ರಿಯೆಂದರೆ ಸಕ್ಕರೆ, ಆಮ್ಲ ಮೊದಲಾದ ಸಣ್ಣ ದ್ರವ್ಯಗಳು. ಕಡತದಲ್ಲಿ ಒಂದಕ್ಷರವು ತಪ್ಪಿದರೆ ರೊಟ್ಟಿ ಬಡಿಯುವವನೇ ಬಾರದೆ ಹೋಗಬಹುದು. ಆಗ ಹಿಟ್ಟು ರಾಶಿಯಾಗುವುದು, ಪಂಕ್ತಿಯಲ್ಲಿ ಕುಳಿತವರಿಗೆ ರೊಟ್ಟಿಯಿಲ್ಲ. ಫೋಲಿಂಗನು ಕಂಡದ್ದು ಇಂತಹ ರಾಶಿಯನ್ನೇ.

ಕರ್ಣಾಟಕದಲ್ಲಿ ಈ ಕಾರ್ಯಕ್ಕೆ ತೊಡಗಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ಶಾಸ್ತ್ರಜ್ಞರಾದ ಎನ್. ಅಪ್ಪಾಜಿ ರಾವ್ ಅವರು. ೧೯೮೦ರಿಂದ ಆರಂಭಿಸಿ ಅವರೂ, ವೈದ್ಯೆ ರಾಧಾ ರಮಾದೇವಿ ಮೊದಲಾದ ಸಹೋದ್ಯೋಗಿಗಳೂ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಪರದೇಶಗಳ ವ್ಯಾಧಿಗಳೆಂದು ತಿಳಿಯಲಾಗಿದ್ದ ಹಲವು ಜನ್ಮಜಾತ ದೋಷಗಳು ಈ ನೆಲದ ತೊಟ್ಟಿಲುಗಳಲ್ಲಿಯೂ ಇರುವುವೆಂದು ಅದರಿಂದ ಸಿದ್ಧವಾಯಿತು. ಎ. ಎಚ್. ಬಿಟಲ್ಸ್ ಎಂಬ ವಿದ್ವಾಂಸರೊಡನೆ ಅವರು ಮತ್ತೊಂದು ಲೆಕ್ಕವನ್ನೂ ತೆಗೆದರು: ಆ ದಶಕದಲ್ಲಿ ಬೆಂಗಳೂರು, ಮೈಸೂರು ನಗರಗಳ ಆಸ್ಪತ್ರೆಗಳಲ್ಲಿ ವಿಚಾರಿಸಿದ ದಂಪತಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ರಕ್ತಸಂಬಂಧಿಗಳು, ಹಿಂದೂ ಕುಟುಂಬಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯು ವಿಶೇಷವಾಗಿ ಕಂಡುಬಂದಿತು.

ಇಲ್ಲಿ ಹಿರಿಯರು ಕಿವಿಗೊಡತಕ್ಕ ಮಾತೊಂದಿರುವುದು. ಪ್ರತಿಯೊಬ್ಬನಲ್ಲಿಯೂ ಮೂಲಕಡತದ ಎರಡು ಪ್ರತಿಗಳಿರುವುವು, ತಂದೆಯದೊಂದು, ತಾಯಿಯದೊಂದು. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ಕೆಲಸವನ್ನು ಸಾಗಿಸುವುದು. ಆದಕಾರಣ ದೋಷವು ತಲೆಮಾರುಗಳವರೆಗೆ ಅಡಗಿರಬಲ್ಲದು. ಅಂತಹ ಅಡಗಿದ ತಪ್ಪಿಲ್ಲದ ಮನುಷ್ಯನೇ ಇಲ್ಲವೆನ್ನಬಹುದು. ಗಂಡಹೆಂಡಿರಿಬ್ಬರಲ್ಲಿಯೂ ಒಂದೇ ತಪ್ಪು ಅಡಗಿದ್ದರೆ ಮಾತ್ರ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಕೂಸು ರೋಗಿಯಾಗುವ ಸಂಭವವುಂಟು. ಮಾವ ಸೊಸೆಯಂದಿರ ಕಡತವು ಸರಾಸರಿ ಕಾಲುಭಾಗ ಸಮಾನವು. ಒಡಹುಟ್ಟಿದವರ ಮಕ್ಕಳಲ್ಲಿ ಎಂಟರಲ್ಲೊಂದು ಭಾಗ. ಅದರಿಂದಲೇ ಇಂತಹ ಸಂಬಂಧಗಳಲ್ಲಿ ಒಂದೇ ತಪ್ಪು ಎರಡೂ ಕಡೆಯಿಂದ ಬಂದು ಕೂಡುವುದು ಹೆಚ್ಚು. ೧೯೦೨ರಲ್ಲಿಯೇ ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯನು ಮೂತ್ರವು ಕಪ್ಪಾಗುವ ವ್ಯಾಧಿಯೊಂದರಲ್ಲಿ ರೋಗಿಗಳ ತಂದೆತಾಯಿಗಳು ಹಲವು ಕಡೆ ಒಡಹುಟ್ಟಿದವರ ಮಕ್ಕಳಾಗಿದ್ದುದನ್ನು ಗಮನಿಸಿದ್ದನು.

ಸೋದರಿಕೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಆಗಿರುವುದರಿಂದ ಆ ರೂಢಿಯನ್ನು ಹಳಿಯುವುದಷ್ಟೇ ಇಲ್ಲಿಯ ಉದ್ದೇಶವಲ್ಲ. ಹೊಲವು ಮನೆಯಲ್ಲಿಯೇ ಉಳಿಯಲೆಂದೂ, ಮಗಳು ಕಣ್ಣೆದುರಿಗೆ ಇರಲೆಂದೂ ಹಿರಿಯರು ಹಾಗೆ ಮಾಡಿದರು. ಆದರೆ ಮನೆತನದಲ್ಲಿ ಒಂದು ಕೂಸು ಹೀಗೆ ನರಳಿರಲು, ಎರಡನೆಯ ಸಂಬಂಧವನ್ನು ಮಾತಾಡುವ ಮೊದಲು ವಿಚಾರಿಸಬೇಕಾದದ್ದು ಕಾಲ್ಗುಣವನ್ನಲ್ಲ, ಕಡತವನ್ನು. ಅಲ್ಲಿ ದೋಷವು ಸಮಪಾಲಾಗಿ ಇಬ್ಬರಿಂದಲೂ ಬಂದಿರುವಾಗ ಸೊಸೆಯೊಬ್ಬಳನ್ನೇ ತವರಿಗೆ ಅಟ್ಟುವುದು ಯಾವ ನ್ಯಾಯವು?

ಅಪ್ಪಾಜಿ ರಾಯರ ಕಾಲದಲ್ಲಿ ಉಗ್ರಾಣದ ರಾಶಿಯನ್ನು ಮಾತ್ರ ನೋಡಿ ಊಹಿಸಬೇಕಾಗಿತ್ತು. ಈಗ ಕಡತ, ಚೀಟಿ, ಅಡುಗೆಯವರು, ಸಾಮಗ್ರಿ ನಾಲ್ಕನ್ನೂ ಒಟ್ಟಿಗೆ ಓದುವ ವಿದ್ಯೆಯು ಬಂದಿರುವುದು. ಇದಕ್ಕೆ ಮಲ್ಟಿಓಮಿಕ್ಸ್ ಎಂದು ಹೆಸರು. ಅಖಿಲೇಶ್ ಪಾಂಡೆಯವರು ಸ್ಥಾಪಿಸಿದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯವರು ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಕೂಡಿ ೨೦೧೪ರಲ್ಲಿ ಮನುಷ್ಯಶರೀರದ ೩೦ ಬಗೆಯ ಅಂಗಾಂಶ ಮತ್ತು ಕಣಗಳನ್ನು ಶೋಧಿಸಿ, ೧೭,೨೯೪ ಜೀನುಗಳಿಂದ ಹುಟ್ಟಿದ ಪ್ರೋಟೀನುಗಳ ನಕ್ಷೆಯನ್ನು ಪ್ರಕಟಿಸಿದರು. ಅಂದರೆ ಅಡುಗೆಯವರ ಹಾಜರಿಪಟ್ಟಿಯು ಬಹುಮಟ್ಟಿಗೆ ಸಿದ್ಧವಾಯಿತು. ೨೦೨೦ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು ಇದೇ ನಗರದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ, ೨೦ ಸಂಸ್ಥೆಗಳ ಸಹಕಾರದಿಂದ, ೧೦,೦೦೦ ಭಾರತೀಯರ ಮೂಲಕಡತಗಳನ್ನು ಓದಿತು. ೨೦೨೫ರ ಜನವರಿಯಲ್ಲಿ ಆ ಭಂಡಾರವು ಸಂಶೋಧಕರಿಗೆ ತೆರೆಯಿತು. ಇದರ ಪ್ರಯೋಜನವೇನೆಂದರೆ, ಯಾವ ಅಕ್ಷರವು ಈ ದೇಶದವರಲ್ಲಿ ಸಾಮಾನ್ಯವಾದ ಪಾಠಾಂತರವು, ಯಾವುದು ನಿಜವಾದ ತಪ್ಪು ಎಂಬುದು ಹೋಲಿಕೆಯಿಂದ ತಿಳಿಯುವುದು. ಓಲೆಗರಿಯ ಪ್ರತಿಗಳನ್ನು ತಾಳೆ ನೋಡಿದವರಿಗೆ ಇದರ ಬೆಲೆಯು ಗೊತ್ತು. ಒಂದೇ ಪ್ರತಿಯನ್ನು ನಂಬಿ ತಪ್ಪನ್ನು ನಿರ್ಣಯಿಸಲಾಗದು.

ಇಂತಹ ಪ್ರಯೋಗಶಾಲೆಯನ್ನು ನಡೆಯಿಸುವವನ ಧರ್ಮವು ಸುಲಭವಾದುದಲ್ಲ. ಮೊದಲನೆಯದಾಗಿ, ತಪಾಸಣೆಯು ಸಂಶಯವನ್ನು ಮಾತ್ರ ಸೂಚಿಸುವುದು; ಎರಡನೆಯ ಪರೀಕ್ಷೆಯಿಂದ ದೃಢಪಡುವ ಮೊದಲು ಕೂಸಿಗೆ ರೋಗದ ಹೆಸರನ್ನಿಟ್ಟರೆ ಆರೋಗ್ಯವಂತರ ಮನೆಯನ್ನು ಕಣ್ಣೀರಿನಲ್ಲಿ ಮುಳುಗಿಸಿದಂತಾಗುವುದು. ಎರಡನೆಯದಾಗಿ, ಒಬ್ಬನ ರಕ್ತದಲ್ಲಿ ಇಡೀ ವಂಶದ ಗುಟ್ಟು ಇರುವುದರಿಂದ ಒಪ್ಪಿಗೆಯಿಲ್ಲದೆ ತೆಗೆಯಬಾರದು, ತೆಗೆದುದನ್ನು ಬೀದಿಗೆ ಹೇಳಬಾರದು. ಮೂರನೆಯದಾಗಿ, ಗರ್ಭವನ್ನು ಪರೀಕ್ಷಿಸುವ ವಿದ್ಯೆಯು ಹೆಣ್ಣುಕೂಸನ್ನು ನಿವಾರಿಸುವ ಕತ್ತಿಯಾಗಬಾರದು. ಅದನ್ನು ತಡೆಯಲೆಂದೇ ೧೯೯೪ರಲ್ಲಿ ಕಾನೂನು ಬಂದಿತು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವು: ಫಲಿತಾಂಶವು ಕಾಲದಲ್ಲಿ ಮನೆಗೆ ಮುಟ್ಟಬೇಕು. ಗಂಟಲಿನ ಥೈರಾಯ್ಡ್ ಗ್ರಂಥಿಯು ಕೆಲಸ ಮಾಡದ ಕೂಸಿಗೆ ಬೇಕಾದದ್ದು ದಿನಕ್ಕೊಂದು ಅಗ್ಗದ ಗುಳಿಗೆ. ಆದರೆ ಅದು ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಆರಂಭವಾಗಬೇಕು. ಹನಿಯು ಬೆಂಗಳೂರಿಗೆ ಹೋಗಿ ಉತ್ತರವು ಬೇವೂರಿಗೆ ಆರು ತಿಂಗಳಿಗೆ ಬಂದರೆ, ಪ್ರಯೋಗಶಾಲೆಯ ಯಂತ್ರಗಳೆಷ್ಟೇ ಬೆಲೆಯುಳ್ಳವಾಗಿದ್ದರೂ ಆ ಕೂಸಿನ ಪಾಲಿಗೆ ಅವು ಇದ್ದೂ ಇಲ್ಲದಂತೆಯೇ.

ಕಿಂಬಹುನಾ, ಪಂಕ್ತಿಯ ಕೊನೆಯಲ್ಲಿ ಕುಳಿತವನ ಎಲೆಗೆ ಬಡಿಸಿದ ಹೊರತು ದಾಸೋಹವು ಮುಗಿಯದು. ಅಂತೆಯೇ ಕೊನೆಯ ಊರಿನ ತೊಟ್ಟಿಲಿಗೆ ಉತ್ತರವು ಮುಟ್ಟಿದ ಹೊರತು ಈ ವಿದ್ಯೆಯು ಸಫಲವಾಗದು. ವಿದ್ವಾಂಸರು ತಮ್ಮ ಪಾಲನ್ನು ಮಾಡಲಿ. ಹಿರಿಯರು ಹೆರಿಗೆಯಾದ ಆಸ್ಪತ್ರೆಯಲ್ಲಿ “ಕೂಸಿನ ಹಿಮ್ಮಡಿಯ ರಕ್ತವನ್ನು ಪರೀಕ್ಷಿಸಿದಿರಾ?” ಎಂದು ಕೇಳುವ ರೂಢಿಯನ್ನು ಮಾಡಿಕೊಳ್ಳಲಿ. ಮತ್ತು ಮರುದಿನವೇ ಮಾಡಬಹುದಾದ, ಒಂದು ಕಾಸೂ ಖರ್ಚಿಲ್ಲದ ಕೆಲಸವೊಂದಿರುವುದು: ರೋಗಿಯಾದ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ, “ತಂಗೀ, ಇದು ನಿನ್ನ ತಪ್ಪಲ್ಲ” ಎಂದು ಹೇಳುವುದು. ಶುಭಂ ಭೂಯಾತ್.