ತೆಂಗಿನ ತಿರುಳಿನಲ್ಲಿ ಎಣ್ಣೆಯ ಉಳಿತಾಯ
(ಮಂಗಳೂರಿನ ತೆಂಗು ಬೆಳೆಗಾರರಿಗಾಗಿ ನೀಡಿದ ಭಾಷಣ)



ಒಂದೇ ತೋಟದ ಕೊಬ್ಬರಿ ಒಮ್ಮೆ ಹೆಚ್ಚು ಎಣ್ಣೆ ಕೊಡುತ್ತದೆ, ಇನ್ನೊಮ್ಮೆ ಕಡಿಮೆ ಕೊಡುತ್ತದೆ. ಗಾಣವನ್ನು ದೂರುವ ಮೊದಲು, ಎಣ್ಣೆಯು ಕಾಯಿಯೊಳಗೆ ಯಾವಾಗ ಮತ್ತು ಹೇಗೆ ಕೂಡಿಬರುತ್ತದೆ ಎಂಬುದನ್ನು ತಿಳಿಯುವುದು ಲೇಸು.

ಜೀವಿಗಳೆಲ್ಲವೂ ಮುಂದಿನ ದಿನಗಳಿಗೆಂದು ಆಹಾರವನ್ನು ಕೂಡಿಡುತ್ತವೆ. ಭತ್ತವು ಪಿಷ್ಟವನ್ನು ಕೂಡಿಟ್ಟರೆ ತೆಂಗು, ನೆಲಗಡಲೆ, ಎಳ್ಳು ಎಣ್ಣೆಯನ್ನು ಕೂಡಿಡುತ್ತವೆ. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4 ಕಿಲೋ ಕ್ಯಾಲೊರಿ ಶಕ್ತಿಯಿದ್ದರೆ ಎಣ್ಣೆಯಲ್ಲಿ ಸುಮಾರು 9 ಇದೆ. ಮಂಗಳೂರಿನ ಬಂದರಿಗೆ ಬರುವ ಬೂತಾಯಿ ಮೀನು ಕೂಡ ಮೇವು ಹೆಚ್ಚಿದ ಕಾಲದಲ್ಲಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ತೆಂಗಿನ ಗರಿಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯು ಕಾಯಿಗೆ ಹರಿದುಬರುತ್ತದೆ. ತಿರುಳಿನ ಜೀವಕೋಶಗಳು ಅದರಿಂದ ಕೊಬ್ಬಿನಾಮ್ಲಗಳನ್ನು ತಯಾರಿಸಿ, ಮೂರು ಮೂರನ್ನು ಒಂದು ಗ್ಲಿಸರಾಲಿಗೆ ಜೋಡಿಸುತ್ತವೆ. ಇದೇ ಎಣ್ಣೆ. ಇದು ಜೀವಕೋಶದೊಳಗೆ ಸಣ್ಣ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಪ್ರತಿ ಹನಿಗೂ ತೆಳುವಾದ ಹೊದಿಕೆಯಿರುವುದರಿಂದ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ತೆಂಗಿನ ಹಾಲು ಬೆಳ್ಳಗಿರುವುದಕ್ಕೆ ನೀರಿನಲ್ಲಿ ತೇಲುವ ಇಂಥ ಹನಿಗಳೇ ಕಾರಣ. ಹಾಲನ್ನು ಚೆನ್ನಾಗಿ ಕಾಯಿಸಿದರೆ ಹನಿಗಳನ್ನು ಬೇರೆಯಾಗಿರಿಸಿದ ಪ್ರೋಟೀನು ಕೆಟ್ಟು, ಎಣ್ಣೆ ಮೇಲೆ ಬರುತ್ತದೆ. ಗೃಹಿಣಿಯರು ಇದನ್ನು ಬಲ್ಲರು.

ಈ ಉಳಿತಾಯವು ನಿಧಾನದ್ದು. ಆರೇಳು ತಿಂಗಳ ಎಳನೀರಿನಲ್ಲಿ ತಿರುಳು ಲೋಳೆಯಂತಿದ್ದು, ಎಣ್ಣೆ ಅತ್ಯಲ್ಪ. ಅನಂತರ ತಿರುಳು ದಪ್ಪವಾಗುತ್ತಾ, ನೀರಿನಂಶ ತಗ್ಗಿ ಎಣ್ಣೆ ಏರುತ್ತದೆ. ಸುಮಾರು 12 ತಿಂಗಳಿಗೆ ಕಾಯಿ ಪೂರ್ಣ ಬಲಿಯುತ್ತದೆ. ಮರ ಹತ್ತುವವರು ಸಿಕ್ಕ ದಿನವೇ ಬಲಿತದ್ದು, ಬಲಿಯದ್ದು ಎಲ್ಲವನ್ನೂ ಕೀಳಿಸಿದರೆ ಕೊನೆಯ ತಿಂಗಳುಗಳ ಎಣ್ಣೆ ನಷ್ಟವಾಗುತ್ತದೆ. ಎಳೆಯ ಕಾಯಿಯ ಕೊಬ್ಬರಿ ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ.

ಮರವು ಈ ಎಣ್ಣೆಯನ್ನು ಕೂಡಿಟ್ಟಿರುವುದು ಗಾಣಕ್ಕಾಗಿ ಅಲ್ಲ, ತನ್ನ ಸಸಿಗಾಗಿ. ಮೊಳಕೆಯೊಡೆದಾಗ ಕಾಯಿಯೊಳಗೆ ಬೆಳೆಯುವ ಬಿಳಿಯ ಗಡ್ಡೆಯು ತಿರುಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮೊಳೆತ ಕಾಯಿ ಕೊಬ್ಬರಿಗೆ ತಕ್ಕುದಲ್ಲ.

ಕಾಯಿ ಒಡೆದ ಮೇಲೆ ಕಾವಲು ತಪ್ಪುತ್ತದೆ. ಹಸಿ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರಿದೆ. ಈ ತೇವದಲ್ಲಿ ಬೆಳೆಯುವ ಬೂಷ್ಟು ಲೈಪೇಸ್ ಎಂಬ ಕಿಣ್ವದಿಂದ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಹಳದಿ ಹಸಿರು ಬಣ್ಣದ ಒಂದು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನೂ ಉತ್ಪಾದಿಸುತ್ತದೆ. ಅಂಥ ಕೊಬ್ಬರಿಯ ಹಿಂಡಿ ದನಗಳಿಗೂ ಅಪಾಯ.

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಕೊಬ್ಬರಿಗೆ ಪೂರ್ಣ ಬಲಿತ ಕಾಯಿಗಳನ್ನೇ ಕೀಳಿಸಿ, ಎಳೆಯವನ್ನು ಬೇರ್ಪಡಿಸಬೇಕು.

2. ಒಡೆದ ದಿನವೇ ಒಣಗಿಸಲು ತೊಡಗಬೇಕು. ಮಳೆಗಾಲದಲ್ಲಿ ಬಿಸಿಲನ್ನು ನಂಬದೆ ಒಣಗಿಸುವ ಗೂಡನ್ನು ಬಳಸುವುದು ಉತ್ತಮ.

3. ತೇವಾಂಶ ಶೇಕಡಾ 6ಕ್ಕೆ ಇಳಿಯಬೇಕು. 50 ಕಿಲೋ ನೀರಿರುವ 100 ಕಿಲೋ ತಿರುಳು ಹೀಗೆ ಒಣಗಿದಾಗ ಸುಮಾರು 53 ಕಿಲೋ ಕೊಬ್ಬರಿಯಾಗುತ್ತದೆ. ಒಳ್ಳೆಯ ಕೊಬ್ಬರಿಯಲ್ಲಿ ಸುಮಾರು ಶೇಕಡಾ 65 ಎಣ್ಣೆಯಿರುತ್ತದೆ.

4. ಕರಾವಳಿಯ ಮರಳು ಹಾಗೂ ಮುರಕಲ್ಲು ಮಣ್ಣಿನಿಂದ ಪೊಟ್ಯಾಷ್ ಮಳೆಗೆ ಕೊಚ್ಚಿಹೋಗುತ್ತದೆ. ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಶಿಫಾರಸಾಗಿದ್ದು, ಇದನ್ನು ಎರಡು ಕಂತುಗಳಲ್ಲಿ ಕೊಡಬೇಕು.

ಮರ ವರ್ಷವಿಡೀ ಕೂಡಿಟ್ಟದ್ದನ್ನು ಒಂದು ವಾರದ ಉದಾಸೀನದಿಂದ ಕಳೆದುಕೊಳ್ಳಬಾರದು.